ಅರ್ಧ ನದಿ ದಾಟುವ ದೋಣಿ

ಬೇರೆಯವರು ದಿಲ್ಲಿಗೆ ಹೋದರೆ ಕುತುಬ್ ಮಿನಾರ್ ನೋಡುತ್ತಾರೆ, ಸರೋಜಿನಿ ನಗರದಲ್ಲಿ ಸ್ವೆಟರಿಗೆ ಚೌಕಾಸಿ ಮಾಡುತ್ತಾರೆ, ಊರಿಗೆ ಬಂದು ಅಲ್ಲಿನ ಚಳಿಯ ಬಗ್ಗೆ ವರ್ಷಗಟ್ಟಲೆ ಹೇಳುತ್ತಾರೆ. ನನಗೆ ಅಲ್ಲಿ ಆಗಿದ್ದೆಲ್ಲ ಒಂದು ಹಳೆಯ ಮೋಟಾರು ದೋಣಿಯ ದೆಸೆಯಿಂದ. "ಇಂಥವೆಲ್ಲ ನನಗೇ ಯಾಕೆ ಆಗ್ತವೆ?" ಎಂದು ಹೆಂಡತಿಯನ್ನು ಕೇಳಿದರೆ, "ಬೇಡ ಅನ್ನೋದನ್ನ ನೀವು ಕಲೀಲಿಲ್ಲ, ಅದಕ್ಕೇ" ಎನ್ನುತ್ತಾಳೆ. ಅವಳು ಟೀಚರು. ತಪ್ಪು ಉತ್ತರ ಕೊಡುವುದಿಲ್ಲ.

೧. ಸಮುದ್ರದ ಕಡೆಯವನು

ದಿಲ್ಲಿಯಲ್ಲಿ ಎಲ್ಲಿ ನೋಡಿದರೂ ಮೆಟ್ರೋಗೆ ನೆಲ ಅಗೆಯುತ್ತಿದ್ದ ಕಾಲ. ಕೇಂದ್ರ ಸರ್ಕಾರದ ಜೂನಿಯರ್ ಎಂಜಿನಿಯರ್ ಆಗಿ ನನಗೆ ಅಲ್ಲಿಗೆ ವರ್ಗವಾಯಿತು. ಹೆಂಡತಿಗೆ ಚಿತ್ರದುರ್ಗದ ಶಾಲೆ ಬಿಟ್ಟು ಬರಲಾಗಲಿಲ್ಲ. ಒಬ್ಬನೇ ಹೋದೆ.

ಮೊದಲ ದಿನ ಕಚೇರಿಯ ಹೆಡ್ ಕ್ಲರ್ಕ್ ಕೇಳಿದರು: "ಎಲ್ಲಿಯವರು?"

"ಕರ್ನಾಟಕ."

"ಅಚ್ಛಾ! ಸಮುದ್ರದ ಕಡೆಯವರು!"

ಚಿತ್ರದುರ್ಗದಲ್ಲಿ ನಲ್ಲಿಯಲ್ಲಿ ನೀರು ಬಂದರೇ ನಾವು ಬಂದು ನೋಡುತ್ತೇವೆ ಎಂದು ಹೇಳುವಷ್ಟು ಹಿಂದಿ ನನಗಿರಲಿಲ್ಲ. ತಲೆ ಅಲ್ಲಾಡಿಸಿದೆ. ಸಂಜೆಯೊಳಗೆ ಇಲಾಖೆಯ ಏಕೈಕ ಮೋಟಾರು ದೋಣಿ ನನ್ನ ಸುಪರ್ದಿಗೆ ಬಂತು. ನಾನು ಕಲಿತದ್ದು ಸಿವಿಲ್. ಕಾಂಕ್ರೀಟು ಎಲ್ಲಿಗೂ ಹೋಗದಂತೆ ನೋಡಿಕೊಳ್ಳುವುದು ನನ್ನ ವಿದ್ಯೆ. ಆ ವಿಷಯದಲ್ಲಿ ದೋಣಿಗೂ ನನಗೂ ಹೊಂದಾಣಿಕೆ ಚೆನ್ನಾಗಿತ್ತು, ಅದೂ ಎಲ್ಲಿಗೂ ಹೋಗುತ್ತಿರಲಿಲ್ಲ.

ಯಮುನೆ ಉಕ್ಕಿದರೆ, ನದಿಯ ಪಾತ್ರದಲ್ಲಿ ಗುಡಿಸಲು ಹಾಕಿಕೊಂಡು ತರಕಾರಿ ಬೆಳೆಯುವವರನ್ನು ದಡಕ್ಕೆ ತರಬೇಕಾದ ದೋಣಿ ಅದು. ದಡದ ಮೆಟ್ಟಿಲುಗಳ ಘಾಟಿಗೆ ಕಟ್ಟಿ ಶುರು ಮಾಡಿದರೆ ಮದುವೆ ಬ್ಯಾಂಡಿನಂತೆ ಸದ್ದು. ಬಿಟ್ಟರೆ ನಡು ಹೊಳೆಯವರೆಗೆ ಹೋಗಿ, ಕೆಮ್ಮಿ, ನಿಂತುಬಿಡುತ್ತಿತ್ತು. ಟ್ಯಾಂಕಿಯಿಂದ ಎಂಜಿನ್‌ಗೆ ಒತ್ತಡದಲ್ಲಿ ಹರಿಯಬೇಕಾದ ಪೆಟ್ರೋಲು ಹರಿಯುತ್ತಿರಲಿಲ್ಲ. ಪೈಪಿನ ನಡುವೆ ಕೈಯಿಂದ ಹಿಚುಕಿ ಪೆಟ್ರೋಲು ತಳ್ಳುವ ಒಂದು ರಬ್ಬರ್ ಉಂಡೆ ಇರುತ್ತದೆ. ಅದು ಆ ಹೊತ್ತಿಗೆ ಒಣಗಿದ ನಿಂಬೆಹಣ್ಣಿನಂತೆ ಚಪ್ಪಟೆಯಾಗಿರುತ್ತಿತ್ತು. ಹುಟ್ಟು ಹಾಕಿಕೊಂಡು ವಾಪಸು ಬಂದು, ಟ್ಯಾಂಕಿಯ ಮುಚ್ಚಳ ತೆಗೆದು ಪೆಟ್ರೋಲಿದೆಯೇ ಎಂದು ಇಣುಕಿ, ಮುಚ್ಚಿ, ಶುರು ಮಾಡಿದರೆ ಮತ್ತೆ ಮದುವೆ ಬ್ಯಾಂಡು. ವರ್ಕ್‌ಶಾಪಿನ ಮೆಕ್ಯಾನಿಕ್ ಘಾಟಿನಲ್ಲಿ ನಿಂತು ಕೇಳಿ, "ದೋಣಿ ಸರಿ ಇದೆ ಸಾಹೇಬರೇ, ನದಿ ಸರಿ ಇಲ್ಲ" ಎಂದು ಹೇಳಿ ಹೋದ.

೨. ಬೆಂಕಿಪೊಟ್ಟಣ

ಸರೋಜಿನಿ ನಗರದ ಹತ್ತಿರ ಒಂದು ಮನೆಯ ಮಹಡಿಯ ಮೇಲೆ ನನ್ನ ಕೋಣೆ. ಕೆಳಗೆ ಮನೆಯೊಡತಿ, ಪಂಜಾಬಿ ಆಂಟಿ. ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಭಾನುವಾರ ಮಾತ್ರ ಬಹಳ ಉದ್ದ. ಬೆಳಿಗ್ಗೆ ಹಾಲಿನ ಭಯ್ಯಾನಿಗೆ "ಆಧಾ ಲೀಟರ್" ಅಂದರೆ ಮತ್ತೆ ಬಾಯಿ ತೆರೆಯುವುದು ಸೋಮವಾರ ಬಸ್ ಕಂಡಕ್ಟರನ ಮುಂದೆ.

ಅದಕ್ಕೇ ಒಂದು ಭಾನುವಾರ ದೋಣಿಯ ಪೆಟ್ರೋಲ್ ಫಿಲ್ಟರನ್ನು ಚೀಲದಲ್ಲಿಟ್ಟುಕೊಂಡು ಕೋಣೆಗೇ ತಂದೆ. ಅದರಲ್ಲಿ ಕಸ ಕಟ್ಟಿದ್ದರೆ ಪೆಟ್ರೋಲು ಹರಿಯುವುದಿಲ್ಲವಲ್ಲ. ಬಾಗಿಲು ಹಾಕಿಕೊಂಡು ಮಗ್ಗಿನಲ್ಲಿ ಪೆಟ್ರೋಲು ಹಾಕಿ ಹಳೇ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಕೈ ಬಿಡುವಿಲ್ಲದಿದ್ದರೆ ಮನಸ್ಸಿಗೆ ಎಷ್ಟೋ ಹಗುರ.

ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ ಆಂಟಿ. ಹಿಂದೆ ಪಕ್ಕದ ಮನೆಯವರು, ಅವರ ಹಿಂದೆ ನೀರು ತುಂಬಿದ ಬಕೆಟ್ಟು ಹಿಡಿದ ಇಸ್ತ್ರಿಯವನು. ಮೆಟ್ಟಿಲ ಕೆಳಗಿನವರೆಗೂ ಪೆಟ್ರೋಲಿನ ವಾಸನೆ ಹೋಗಿತ್ತು. ಆಂಟಿ ನನ್ನ ಎರಡೂ ಕೈ ಹಿಡಿದು, "ಬೇಟಾ, ಏನೇ ದುಃಖ ಇರಲಿ, ಇಂಥಾ ಕೆಲಸ ಮಾಡಬೇಡ. ಹೆಂಡತಿ ಬಂದೇ ಬರ್ತಾಳೆ" ಎಂದು ಕಣ್ಣೀರು ಹಾಕಿದರು. ನಾನು ಫಿಲ್ಟರ್ ತೋರಿಸಿದೆ. ಮಗ್ಗು ತೋರಿಸಿದೆ. "ಬೋಟ್, ಬೋಟ್" ಅಂದೆ.

"ಬೋಟಂತೆ!" ಎಂದು ಆಂಟಿ ಪಕ್ಕದವರ ಕಡೆ ತಿರುಗಿ ಮತ್ತೂ ಅತ್ತರು. "ಒಬ್ಬನೇ ಇದ್ದು ಇದ್ದು ತಲೆ ಕೆಟ್ಟಿದೆ."

ಹೋಗುವಾಗ ನನ್ನ ಬೆಂಕಿಪೊಟ್ಟಣ ಎತ್ತಿಕೊಂಡು ದುಪಟ್ಟಾದ ಅಂಚಿಗೆ ಕಟ್ಟಿಕೊಂಡರು. ಸ್ಟೌವ್ ಹಚ್ಚುವ ದಾರಿಯಿಲ್ಲದೆ ಬಹಳ ದಿನ ಅವರ ಮನೆಯಲ್ಲೇ ಊಟ. ಬಿಸಿಬಿಸಿ ಪರೋಟ, ಎದುರಿಗೆ ಕೂತು ಮಾತಾಡಿಸುವ ಒಂದು ಜೀವ. ಬೆಂಕಿಪೊಟ್ಟಣ ವಾಪಸು ಸಿಕ್ಕ ದಿನ ನನಗೆ ಆದಷ್ಟು ಬೇಜಾರು ವರ್ಗವಾದ ದಿನವೂ ಆಗಿರಲಿಲ್ಲ.

ಫಿಲ್ಟರು ಕನ್ನಡಿಯಂತೆ ಹೊಳೆಯಿತು. ದೋಣಿ ಅಲ್ಲೇ ನಡು ಹೊಳೆಯಲ್ಲಿ ನಿಂತಿತು.

೩. ಎಷ್ಟು ಕೊಡುತ್ತೆ?

ಮುಂದಿನ ಅನುಮಾನ ಆ ರಬ್ಬರ್ ಉಂಡೆಯ ಮೇಲೆ. ಕಾಶ್ಮೀರಿ ಗೇಟಿನಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿಗಳ ಒಂದು ಸಮುದ್ರವೇ ಇದೆ. ಅಲ್ಲಿ ಸಿಗದ ಸಾಮಾನಿಲ್ಲ ಎಂದು ಕೇಳಿ, ಹಳೆಯ ಉಂಡೆ ಹಿಡಿದುಕೊಂಡು ಹೋದೆ.

ಅಂಗಡಿಯವ ಕೇಳಿದ: "ಯಾವ ಗಾಡಿ?"

"ಬೋಟ್."

"ಹೊಸಾ ಮಾಡೆಲ್ಲಾ? ಯಾವ ಕಂಪನಿ?"

"ಗಾಡಿ ಅಲ್ಲ ಭಯ್ಯಾ. ನೀರಿನ ಮೇಲೆ ಹೋಗುವ ಬೋಟು."

ಅವನು ಪಕ್ಕದ ಅಂಗಡಿಯವನನ್ನು ಕೂಗಿದ, ಅವನು ಎದುರಿನವನನ್ನು. ದಿಲ್ಲಿಯಲ್ಲಿ ದೋಣಿ ಇಟ್ಟುಕೊಂಡ ಮನುಷ್ಯನನ್ನು ನೋಡಲು ಜನ ಕೂಡಿದರು. ಒಬ್ಬ ನನಗೆ ಸ್ಟೂಲು ತಂದ, ಒಬ್ಬ ಚಹಾ ತರಿಸಿದ. ಅಷ್ಟು ಜನ ಒಟ್ಟಿಗೆ ನನ್ನ ಮಾತು ಕೇಳಿದ್ದು ನನ್ನ ಮದುವೆಯಲ್ಲೂ ಇಲ್ಲ. ನನಗೂ ಉಮೇದು ಬಂದು, ಹರಕು ಹಿಂದಿಯಲ್ಲಿ ಎಂಜಿನ್ನು, ಪೈಪು, ಒತ್ತಡ ಎಲ್ಲ ವಿವರಿಸಿದೆ. ಎಲ್ಲರೂ ಗಂಭೀರವಾಗಿ ತಲೆದೂಗಿದರು. ಕೊನೆಗೆ ಒಬ್ಬ ಹಿರಿಯ ಸರ್ದಾರ್ಜಿ ಗಡ್ಡ ನೀವಿಕೊಂಡು, ದಿಲ್ಲಿಯಲ್ಲಿ ಯಾವ ಗಾಡಿ ಕಂಡರೂ ಕೇಳುವ ಆ ಮೈಲೇಜಿನ ಪ್ರಶ್ನೆ ಕೇಳಿದರು:

"ಅದೆಲ್ಲ ಸರಿ ಸಾಹೇಬರೇ. ಎಷ್ಟು ಕೊಡುತ್ತೆ?"

"ಅರ್ಧ ನದಿ ಕೊಡುತ್ತೆ ಸರ್ದಾರ್ಜಿ. ಇನ್ನರ್ಧ ನಾವೇ ಹುಟ್ಟು ಹಾಕಬೇಕು."

೪. ಪ್ರೆಷರ್

ರಾತ್ರಿ ಊಟದ ನಂತರ ಹೆಂಡತಿ ಫೋನು ಮಾಡುತ್ತಿದ್ದಳು. "ಇವತ್ತೇನಾಯ್ತು?" ಎಂದರೆ ನನ್ನ ಹತ್ತಿರ ಇರುತ್ತಿದ್ದ ಸುದ್ದಿ ಒಂದೇ. "ಅದೇ ಕಣೇ, ಪ್ರೆಷರ್ ನಿಲ್ತಿಲ್ಲ. ಸ್ವಲ್ಪ ಹೊತ್ತು ಚೆನ್ನಾಗಿರತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಬಿದ್ದುಹೋಗತ್ತೆ."

ಅವಳ ಪಕ್ಕದಲ್ಲಿ ಕೂತಿದ್ದ ನಮ್ಮತ್ತೆಗೆ ಕೇಳಿಸಿದ್ದು ಅಷ್ಟೇ. ಮರುದಿನದಿಂದ ಊರಿನವರ ಫೋನು ಶುರುವಾಯಿತು. ಚಿಕ್ಕಮ್ಮ ಉಪ್ಪು ಜಾಸ್ತಿ ತಿನ್ನಲು ಹೇಳಿದರು. ಅತ್ತಿಗೆ, ಎದ್ದ ಕೂಡಲೇ ನಿಲ್ಲಬೇಡಿ, ಮಂಚದ ಮೇಲೆ ಕೂತು ನಿಧಾನವಾಗಿ ಏಳಿ ಅಂದರು. ದಿಲ್ಲಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ ಅತ್ತೆ ಒಂದು ಭರಣಿ ಉಪ್ಪಿನಕಾಯಿ ಕಳಿಸಿದರು.

"ಪ್ರೆಷರ್ ಬಿದ್ದಿದ್ದು ನನಗಲ್ಲ, ದೋಣಿಗೆ" ಎಂದು ಹೇಳಿ ಹೇಳಿ ಸಾಕಾಯಿತು. ಹೆಂಡತಿ ಹೇಳಿದರೂ ಯಾರೂ ನಂಬಲಿಲ್ಲ. ಗಾಬರಿಯಾಗದಿರಲಿ ಅಂತ ಮುಚ್ಚಿಡುತ್ತಿದ್ದಾಳೆ ಅಂದುಕೊಂಡರು. ಕೊನೆಗೆ ಮಾವನವರೇ ಫೋನಿಗೆ ಬಂದರು. ಅವರು ಗಂಭೀರ ಮನುಷ್ಯ, ನನ್ನ ಜೊತೆ ಅವರು ಮಾತಾಡುವುದೇ ಯುಗಾದಿ ದೀಪಾವಳಿಗೆ. ಸಮಾಧಾನದಿಂದ ಕೇಳುತ್ತಾರೆಂದು ಧೈರ್ಯ ಬಂತು.

"ಮಾವ, ತೊಂದರೆ ಇರೋದು ದೋಣಿಗೆ. ಅದು ಪ್ರತಿಸಲ ನಡು ನೀರಲ್ಲಿ ನಿಂತುಬಿಡತ್ತೆ."

ಆ ಕಡೆ ನಿಟ್ಟುಸಿರು ಕೇಳಿಸಿತು.

"ಗೊತ್ತಾಯ್ತಪ್ಪಾ. ಈ ಭವಸಾಗರದಲ್ಲಿ ಎಲ್ಲರ ದೋಣೀನೂ ಹಾಗೇ. ಮಾತ್ರೆ ಮಾತ್ರ ಬಿಡಬೇಡ."

೫. ಡುಮ್ಮಪ್ಪ

ಮಳೆಗಾಲಕ್ಕೆ ಮುಂಚೆ ದೊಡ್ಡ ಸಾಹೇಬರು ದೋಣಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ಹೊಸದಾಗಿ ಬಂದ ಅಧಿಕಾರಿ, ಉತ್ತರ ಪ್ರದೇಶದವರು, ಕಟ್ಟುನಿಟ್ಟು ಎಂದು ಹೆಸರು. ದೋಣಿ ನಿಂತರೆ ನನ್ನ ಕಥೆ ಮುಗಿಯಿತು ಅಂದರು ಹೆಡ್ ಕ್ಲರ್ಕ್. ನಾನು ಉಂಡೆ ಬದಲಿಸಿದ್ದೆ, ಪೈಪು ಬದಲಿಸಿದ್ದೆ, ಪಂಪು ಬಿಚ್ಚಿ ಕಟ್ಟಿದ್ದೆ. ದೋಣಿಯ ಡ್ರೈವರು, ನಿವೃತ್ತಿಗೆ ಹತ್ತಿರವಾಗಿದ್ದ ಬಿಹಾರಿ, ತನ್ನ ಪಾಲಿನದೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ವರ್ಷವೂ ಮಾಡುವಂತೆ ದೋಣಿಗೂ ಟ್ಯಾಂಕಿಗೂ ದಪ್ಪಗೆ ಒಂದು ಕೈ ಬಣ್ಣ ಬಳಿದ.

ಸಾಹೇಬರು ಬಂದರು. ಭಾರೀ ಶರೀರ. ಅವರು ಕೂತ ಕಡೆಗೆ ದೋಣಿ ವಾಲಿತು. ಹೊರಟೆವು. ನಡು ಹೊಳೆ ಬಂತು. ದೋಣಿ ಕೆಮ್ಮಿತು, ನಿಂತಿತು. ಡ್ರೈವರು ಉಂಡೆ ಹಿಚುಕಿದ, ಹಗ್ಗ ಎಳೆದ, ಹನುಮಂತನನ್ನು ಕರೆದ. ಸಾಹೇಬರು ನೀರು ನೋಡುತ್ತಿದ್ದರು.

ದಿಲ್ಲಿಯಲ್ಲಿ ನಾನು ಕನ್ನಡ ಮಾತಾಡುತ್ತಿದ್ದುದು ಎರಡೇ ಕಡೆ, ಫೋನಿನಲ್ಲಿ ಮತ್ತು ಆ ಎಂಜಿನ್ನಿನ ಹತ್ತಿರ. ಅಭ್ಯಾಸಬಲದಿಂದ ಅದರ ಮೇಲೆ ಬಗ್ಗಿ ಗಟ್ಟಿಯಾಗಿಯೇ ಅಂದೆ:

"ಇವತ್ತೊಂದಿನ ಮಾನ ಉಳಿಸೇ ತಾಯಿ. ಈ ಡುಮ್ಮಪ್ಪ ಒಮ್ಮೆ ಇಳಿದು ಹೋಗ್ಲಿ. ನಾಳೆಯಿಂದ ಎಲ್ಲಿ ಬೇಕಾದ್ರೂ ನಿಂತ್ಕೋ."

ಹಿಂದಿನಿಂದ ಒಂದು ಧ್ವನಿ ಬಂತು.

"ಡುಮ್ಮಪ್ಪ ಇಳೀಲಿಕ್ಕ ತಯಾರ್ ಅದಾನ್ರೀ. ಎಲ್ಲಿ ಇಳೀಬೇಕು, ಅದಷ್ಟು ಹೇಳ್ರಿ."

ನನ್ನ ಕೈಯಲ್ಲಿದ್ದ ಸ್ಪ್ಯಾನರು ಯಮುನೆಯ ಪಾಲಾಯಿತು. ಸಾಹೇಬರು ಕೆಲಸಕ್ಕೆ ಸೇರಿದ್ದೇ ಕರ್ನಾಟಕದಲ್ಲಂತೆ. ರಾಯಚೂರು, ಬೀದರ್ ಕಡೆ ವರ್ಷಗಟ್ಟಲೆ ಇದ್ದವರು. ನಾನು ಕ್ಷಮೆ ಕೇಳಹೋದರೆ ಕೈ ಎತ್ತಿ ತಡೆದರು. "ಇಲ್ಲಿಗೆ ಬಂದ ಮ್ಯಾಲೆ ಕನ್ನಡದಾಗ ಒಬ್ಬರೂ ಬೈದಿದ್ದಿಲ್ಲ ನೋಡ್ರಿ. ಭಾಳ ಛಲೋ ಅನಸ್ತು." ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಎಲ್ಲೂ ಸಿಗುವುದಿಲ್ಲ ಎಂದೆ. ಆ ದುಃಖ ಇಬ್ಬರದೂ ಒಂದೇ.

"ಪೆಟ್ರೋಲರೆ ಅದ ಇಲ್ಲ?" ಎಂದು ಸಾಹೇಬರು ಪಕ್ಕದಲ್ಲಿದ್ದ ಟ್ಯಾಂಕಿಯ ಮುಚ್ಚಳ ತಿರುಗಿಸಿದರು. ಉಸ್ಸ್ ಎಂದು ಗಾಳಿ ಒಳಗೆ ನುಗ್ಗಿತು. ನನ್ನ ಕೈಯಲ್ಲಿದ್ದ ಚಪ್ಪಟೆ ಉಂಡೆ ಮೆಲ್ಲಗೆ ಉಬ್ಬಿತು. ಮುಚ್ಚಳ ಕಸಿದುಕೊಂಡು ನೋಡಿದೆ. ಪೆಟ್ರೋಲು ಖಾಲಿಯಾಗುತ್ತ ಹೋದಂತೆ ಗಾಳಿ ಒಳಗೆ ಬರಲೆಂದು ಅದರಲ್ಲೊಂದು ಸಣ್ಣ ತೂತಿರಬೇಕಿತ್ತು. ವರ್ಷವರ್ಷದ ಬಣ್ಣ ಕೂತು ತೂತೇ ಮಾಯವಾಗಿತ್ತು. ಗಾಳಿಯಿಲ್ಲದ ಟ್ಯಾಂಕಿ ಪೆಟ್ರೋಲನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ನಾವು ದಡದಲ್ಲಿ ಮುಚ್ಚಳ ತೆಗೆದಾಗಲೆಲ್ಲ ಅದು ಉಸಿರು ತೆಗೆದುಕೊಂಡು ಮತ್ತೆ ಅರ್ಧ ನದಿ ಕೊಡುತ್ತಿತ್ತು!

ಪಿನ್ನಿನಿಂದ ತೂತು ಬಿಡಿಸಿದೆ. ಡ್ರೈವರು ಹಗ್ಗ ಎಳೆದ. ಮದುವೆ ಬ್ಯಾಂಡು ಮೊಳಗಿತು. ನಾನು ಕುಣಿಯುವುದೊಂದು ಬಾಕಿ. ಸಾಹೇಬರು ಮಾತ್ರ ಮುಖ ಸಿಂಡರಿಸಿ ಏನೋ ಅಂದರು. ಸದ್ದಿನಲ್ಲಿ ಕೇಳಲಿಲ್ಲ. ಹತ್ತಿರ ಬಗ್ಗಿದೆ.

"ಬಂದ್ ಮಾಡ್ರಿ ಅದನ್ನ! ಮಾತು ಕೇಳ್ಸವಲ್ದು!"

ಬಂದ್ ಮಾಡಿದೆವು. ಸರಿಹೋದ ದೋಣಿಯಲ್ಲಿ ನಡು ಹೊಳೆಯಲ್ಲಿ ಕೂತು ರಾಯಚೂರಿನ ಬಿಸಿಲು, ಚಿತ್ರದುರ್ಗದ ಕೋಟೆ, ಮೆಣಸಿನಕಾಯಿ ಬಜ್ಜಿ ಎಂದು ಮಾತಾಡಿದ್ದೇ ಮಾತಾಡಿದ್ದು. ಅಷ್ಟರಲ್ಲಿ ದಡದಲ್ಲಿ ಗದ್ದಲವೆದ್ದಿತ್ತು. ಸಾಹೇಬರ ದೋಣಿ ಕೆಟ್ಟು ನಿಂತಿದೆ ಎಂದು ಹೆಡ್ ಕ್ಲರ್ಕ್ ಕೂಗಾಡಿ, ಕಲ್ಲಂಗಡಿ ಸಾಗಿಸುವ ಹುಟ್ಟಿನ ದೋಣಿಯೊಂದನ್ನು ಕಳಿಸಿಬಿಟ್ಟಿದ್ದರು. ಅದರ ಅಂಬಿಗರು ಬಂದು ಹಗ್ಗ ಎಸೆದರು. ಮಾತಿನ ಗುಂಗಿನಲ್ಲಿದ್ದ ಸಾಹೇಬರು ಅವರಿಗೂ ಕನ್ನಡದಲ್ಲೇ "ಆಮ್ಯಾಲೆ ಬರ್ರಿ, ಇನ್ನೂ ಮಾತು ಮುಗಿದಿಲ್ಲ" ಎಂದು ಗದರಿದರು. ಸಾಹೇಬರಿಗೆ ಗಾಬರಿಯಲ್ಲಿ ಬಾಯಿ ತೊದಲುತ್ತಿದೆ ಎಂದುಕೊಂಡ ಅವರು ಇನ್ನೂ ಅವಸರದಿಂದ ಹಗ್ಗ ಬಿಗಿದು, ಜನರನ್ನು ರಕ್ಷಿಸಬೇಕಾದ ಸರ್ಕಾರಿ ದೋಣಿಯನ್ನು ಕಲ್ಲಂಗಡಿಗಳ ಹಿಂದೆ ಎಳೆದುಕೊಂಡು ದಡಕ್ಕೆ ತಂದರು.