ಅತ್ತೆಯ ಕಣ್ಣು ಮತ್ತು ಕಾರಿನ ಚಳಿ

ವಿಜ್ಞಾನ ಪಾಠ ಮಾಡುವವರ ಮನೆಯಲ್ಲಿ ಯಂತ್ರಗಳು ಕೆಡಬಾರದು. ಕೆಟ್ಟರೂ ಓಣಿಗೆ ಗೊತ್ತಾಗಬಾರದು. ಮಿಕ್ಸರ್ ನಿಂತಾಗ ನಾನು ಬಾಗಿಲು ಹಾಕಿಕೊಂಡು ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟಿದವಳು. ಆದರೆ ಕಾರನ್ನು ಬಾಗಿಲು ಹಾಕಿಕೊಂಡು ಸ್ಟಾರ್ಟ್ ಮಾಡಲಾಗುವುದಿಲ್ಲ. ದೋರನಹಳ್ಳಿಯ ನಮ್ಮ ಓಣಿಯಲ್ಲಿ ಚಳಿಗಾಲದ ಬೆಳಗಿನ ಏಳಕ್ಕೆ ಅದು ಕುಂಯ್ ಕುಂಯ್ ಎಂದು ನರಳತೊಡಗಿದರೆ, ಹಲ್ಲುಜ್ಜುತ್ತಿದ್ದವರೆಲ್ಲ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೊರಗೆ ಬರುತ್ತಿದ್ದರು.

ಕೊಂಡಾಗಲೇ ಅದು ಹಳೆಯ ಕಾರು. ನಾನು ಶಹಾಪುರದ ಶಾಲೆಗೆ ಹೊರಡುವ ಹೊತ್ತಿಗೆ ಬಿಸಿಲು ಬಂದಿರುತ್ತಿದ್ದುದರಿಂದ ಅದರ ರೋಗ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಅತ್ತೆಯ ಕಣ್ಣಿನ ಪೊರೆ ತೆಗೆಸಲು ಯಾದಗಿರಿಗೆ ಹೊರಟ ಗುರುವಾರ. ಆಸ್ಪತ್ರೆಯಲ್ಲಿ ಎಂಟಕ್ಕೆ ಹೆಸರು ಕೂಗುತ್ತಾರೆ. ನಮ್ಮ ಕಾರು ಎಂಟೂಮುಕ್ಕಾಲಿಗೆ ಎಚ್ಚರವಾಯಿತು. ಮುಂದಿನ ಗುರುವಾರವೂ ಅದೇ ಕಥೆ. ನೆರೆಯವರು ನೂಕಲು ಬಂದರೆ ಅತ್ತೆ ಸೀಟು ಬಿಟ್ಟು ಇಳಿದೇಬಿಟ್ಟರು. "ನೂಕಿದ ಗಾಡ್ಯಾಗ ನಾ ದವಾಖಾನಿಗಿ ಹೋಗಂಗಿಲ್ಲ. ದ್ಯಾವರಿಗಿ ಮನಸಿಲ್ಲ, ಬಿಡು."

ದೇವರ ಮನಸ್ಸಿಗಿಂತ ಅತ್ತೆಯ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವರಿಗೆ ಕತ್ತರಿಯ ಭಯ. ಕಾರು ಒಲ್ಲೆ ಎಂದಷ್ಟೂ ಅವರ ಮುಖ ಅರಳುತ್ತಿತ್ತು. ಎರಡನೆಯ ಸಲವಂತೂ ಬಾನೆಟ್ ಮೇಲೆ ಕೈಯಾಡಿಸಿ, "ಪಾಪ, ಇದಕ್ಕೂ ಥಂಡಿ ಹತ್ಯಾದ. ಕೆನಾಲ್ ಬಂದ ಮ್ಯಾಲ ಗದ್ದಿ ಆದವು, ಗದ್ದಿ ಆದ ಮ್ಯಾಲ ಥಂಡಿ ಹೆಚ್ಚಾತು" ಎಂದು ಅದರ ಪರವಾಗಿ ವಾದಿಸಿದರು.

ನನ್ನ ಗಂಡ ತಾಯಿಯ ಮಾತನ್ನೇ ಹಿಡಿದು, ರಾತ್ರಿ ಬಾನೆಟ್ಟಿಗೆ ಕೌದಿ ಹೊದಿಸಿದರು. ಬೆಳಿಗ್ಗೆ ಕೌದಿ ಬೆಚ್ಚಗಿತ್ತು, ಏಕೆಂದರೆ ಅದರಲ್ಲಿ ಬೀದಿನಾಯಿ ಮಲಗಿತ್ತು. ಶಾಲೆಯ ಸಹೋದ್ಯೋಗಿಗಳು ಪ್ಲಗ್ ಬದಲಿಸಿ ಎಂದರು, ಬದಲಿಸಿದೆ. ಪೆಟ್ರೋಲಿನಲ್ಲಿ ನೀರಿರಬೇಕು ಎಂದರು, ಬೇರೆ ಬಂಕಿಗೆ ಹೋದೆ. ಕಾರು ಮಾತ್ರ ಎಲ್ಲವನ್ನೂ ಸ್ವೀಕರಿಸಿ ಕುಂಯ್ ಎಂದಿತು. ಅಷ್ಟರಲ್ಲಿ ಅತ್ತೆ ಒಂದು ದಿನ ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿದರು. ಮರುದಿನ ಹೊಸ್ತಿಲು ಎಡವಿ ಮೊಣಕಾಲು ಒಡೆದುಕೊಂಡರು. ರಕ್ತ ಒರೆಸುವಾಗ ನನಗೆ ನಗು ಬರಲಿಲ್ಲ.

ಆ ಸಂಜೆಯೇ ನಾಚಿಕೆ ಬಿಟ್ಟು ಮೈಬೂಬಸಾಬರನ್ನು ಕರೆಸಿದೆ. ಅವರು ಕಾಲುವೆ ದಂಡೆಯ ಪಂಪ್‌ಸೆಟ್‌ಗಳನ್ನು ರಿಪೇರಿ ಮಾಡುವವರು. ಮಾರನೆಯ ಬೆಳಿಗ್ಗೆ, ಕಾರು ತಣ್ಣಗಿರುವಾಗಲೇ ಬಂದು, "ಅಕ್ಕೋರ, ಲೈಟ್ ಹಚ್ಚಿ ಚಾವಿ ತಿರುವ್ರಿ" ಎಂದರು. ತಿರುವಿದೆ. ದೀಪ ಮಂಕಾಗಿ ಕಣ್ಣು ಮುಚ್ಚಿತು. ಅವರು ಬಾನೆಟ್ ಎತ್ತಿ ಬ್ಯಾಟರಿ ತೋರಿಸಿದರು. ವೈರು ಕೂಡುವ ಕಡೆ ಬಿಳಿಹಸಿರು ಬೂದಿ ಗೂಡು ಕಟ್ಟಿತ್ತು. ಒಂದು ವೈರಂತೂ ಬೆರಳಿಗೇ ಅಲ್ಲಾಡಿತು. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿ ಮಾಡಿದರು.

"ಇಷ್ಟೇನಾ?" ಎಂದೆ.

"ಇಷ್ಟೇರಿ. ಜೋಡಣಿ ಸಡ್ಲಾದ್ರ ಕರೆಂಟ್ ಪೂರಾ ಹರಿಯಂಗಿಲ್ಲ. ಥಂಡ್ಯಾಗ ಬ್ಯಾಟರಿ ಮೊದ್ಲೇ ಸುಸ್ತ್ ಇರ್ತದ." ಆಮೇಲೆ ಹೆಮ್ಮೆಯಿಂದ, "ಮೊನ್ನಿ ನಮ್ಮ ಶಬಾನಾನೂ ಇದ್ನೇ ಬಾಯಿಪಾಠ ಮಾಡಾಕತ್ತಿದ್ಲು. ನಮ್ಮ ಅಕ್ಕೋರು ಭಾಳ ಚೊಲೋ ತಿಳಿಸಿ ಹೇಳ್ತಾರ ಅಂತಾಳ್ರಿ" ಎಂದರು.

ಶಬಾನಾ ಅವರ ಮಗಳು, ನನ್ನ ಹತ್ತನೇ ತರಗತಿಯ ವಿದ್ಯಾರ್ಥಿನಿ. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋದೆ.

ಮೂರನೆಯ ಗುರುವಾರ ಕಾರು ಒಂದೇ ತಿರುವಿಗೆ ಎದ್ದಿತು. ಹಿಂದಿನ ಸೀಟಿನಲ್ಲಿ ಅತ್ತೆ ಬೆಚ್ಚಿಬಿದ್ದರು. "ಒಮ್ಮಿ ಆರಿಸಿ ನೋಡ." ನಾನು ಆರಿಸಲಿಲ್ಲ. ಊರು ದಾಟುವಾಗ ಅವರ ಕೈ ನನ್ನ ಭುಜದ ಮೇಲೆ ಬಂತು. "ಇದ್ದ ಬೆಳಕೂ ಹೋದ್ರ, ಏನ್ ಮಾಡ್ಲೆ?"

"ನಾ ಅದೀನಲ್ರಿ ಅತ್ತಿ" ಎಂದೆ. ಭೀಮೆಯ ಸೇತುವೆ ದಾಟುವವರೆಗೂ ಆ ಕೈ ಅಲ್ಲೇ ಇತ್ತು.

ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ನರ್ಸಿನ ಬಳೆ ಎಣಿಸಿದರು, ಆಮೇಲೆ ನನ್ನ ಮುಖ ಹಿಡಿದು, "ಎಷ್ಟು ಸೊರಗಿದಿಯವ್ವಾ" ಎಂದು ಅತ್ತರು. ನನಗೂ ಅಳು ಬಂತು. ಮನೆಗೆ ಮರಳುವಾಗ ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸೀಟಿನಲ್ಲೇ ಕೂತರು. ಗದ್ದೆಯ ಬೆಳ್ಳಕ್ಕಿ ತೋರಿಸಿದರು, ಕಾಲುವೆಯಲ್ಲಿ ನೀರು ಹೊಳೆಯುವುದನ್ನು ತೋರಿಸಿದರು. ನಾನು ಖುಷಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಿದೆ. ಎದುರಿಗೆ ಲಾರಿ ಬರುತ್ತಿತ್ತು, ನಿಜ. ಆದರೆ ಜಾಗವೂ ಇತ್ತು.

"ಎಯವ್ವಾ!" ಅತ್ತೆ ಕಿರುಚಿದರು. "ಇಷ್ಟು ದಿನ ನೀ ಹಿಂಗ ಹೊಡೀತಿದ್ದೇನ?"

ವಾರದ ನಂತರ ತಪಾಸಣೆಗೆ ಹೋದಾಗ ಡಾಕ್ಟರು, "ಚೆನ್ನಾಗಿ ಕಾಣುತ್ತದೆಯೇ?" ಎಂದು ಕೇಳಿದರು. "ಎಲ್ಲಾ ಕಾಣ್ತದ್ರಿ ಸಾಹೇಬ್ರ. ಇಕಿ ಗಾಡಿ ಹೊಡಿಯೂದೂ ಕಾಣ್ತದ" ಎಂದ ಅತ್ತೆ, ಇನ್ನೊಂದು ಕಣ್ಣಿನ ಮಾತು ಬಂದಾಗ, "ನಾಳಿಗೇ ಮಾಡ್ರಿ" ಎಂದುಬಿಟ್ಟರು. ಡಾಕ್ಟರು ನಕ್ಕು ಮುಂದಿನ ತಿಂಗಳಿಗೆ ದಿನ ಕೊಟ್ಟರು. ಒಂದೇ ಕಣ್ಣಿಗೆ ಇಷ್ಟು ಕಂಡರೆ ಎರಡಕ್ಕೂ ಎಷ್ಟು ಕಂಡೀತು ಎಂದು ಲೆಕ್ಕ ಹಾಕುತ್ತ, ದೋರನಹಳ್ಳಿಯವರೆಗೂ ಒಂದು ಎತ್ತಿನ ಬಂಡಿಯ ಹಿಂದೆಯೇ ಭಕ್ತಿಯಿಂದ ಗಾಡಿ ಓಡಿಸಿಕೊಂಡು ಬಂದೆ.