ದಿಲ್ಲಿ ಗದ್ದುಗೆಗೆ ಅತ್ತೆಯ ಹರಕೆ

ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಚಟ ಒಳ್ಳೆಯದಲ್ಲ. ಕಣ್ಣಿಗಾಗಲಿ ಗಂಟಲಿಗಾಗಲಿ ಅದರಿಂದ ಕೇಡೇನಿಲ್ಲ, ಕೇಡು ಬರುವುದು ಕೇಳಿಸಿಕೊಳ್ಳುವವರಿಂದ. ದೇಶದ ವಿದ್ಯಮಾನ ಮನೆಮಂದಿಗೂ ತಿಳಿಯಲಿ ಎಂದು ನಾನು ಬಾಯಲ್ಲಿ ಹೇಳಿಕೊಂಡರೂ, ನಿಜಕ್ಕೂ ಓದುವುದು ನನ್ನ ದನಿಯನ್ನು ನಾನೇ ಕೇಳುವ ಸುಖಕ್ಕೆ. ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ತಲೆಬರಹಗಳನ್ನು ಭಾಷಣದ ಧಾಟಿಯಲ್ಲಿ ಶುರು ಮಾಡಿದೆನೆಂದರೆ, ಹೆಂಡತಿ ಗಿರಿಜಾ ಮಿಕ್ಸಿ ಹಾಕುತ್ತಾಳೆ. ಚಟ್ನಿ ಬೇಕಿರಲಿ, ಬೇಡದಿರಲಿ, ಹಾಕುತ್ತಾಳೆ. ಆದರೆ ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ, ಇಟ್ಟಿಗಿ ಊರಿನ ಬಸಮ್ಮನವರು, ಶೇಂಗಾ ಆರಿಸುತ್ತಾ ಒಂದಕ್ಷರ ಬಿಡದೆ ಕೇಳುತ್ತಾರೆ. ಇಡೀ ಊರಿನಲ್ಲಿ ನನ್ನ ಮಾತಿಗೆ ಕಿವಿ ಕೊಡುವ ಜೀವ ಇದೊಂದೇ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಆ ಜೀವ ಏನನ್ನು ಕೇಳಿಸಿಕೊಳ್ಳುತ್ತಿತ್ತು ಎಂಬುದು ಗೊತ್ತಾಗಬೇಕಾದರೆ ನಾನು ದಿಲ್ಲಿಗೆ ಹೋಗಬೇಕಾಯಿತು.

ದಿಲ್ಲಿಯ ಯೋಚನೆ ನನ್ನದೇ. ನನ್ನದು ಬೀಜ ಗೊಬ್ಬರದ ಅಂಗಡಿ. ಚಳಿಗಾಲದಲ್ಲಿ ವ್ಯಾಪಾರ ತಣ್ಣಗಿರುತ್ತದೆ. ದೇಶದ ರಾಜಧಾನಿ ನೋಡದೆ ಸತ್ತರೆ ಏನು ಚೆಂದ ಎಂದು ಮ್ಯೂಸಿಯಂ, ಸ್ಮಾರಕ, ಉದ್ಯಾನ ಎಲ್ಲವನ್ನೂ ಮೊಬೈಲಿನಲ್ಲಿ ಹುಡುಕಿ ಗುರುತು ಹಾಕಿಕೊಂಡೆ. ಅತ್ತೆಯನ್ನು ಕರೆದಾಗ ಅವರು ಕೇಳಿದ್ದು ಒಂದೇ ಮಾತು: "ಗದ್ದಿಗಿಗೆ ಕರಕೊಂಡ್ ಹೋಗ್ತೀರಿಲ್ಲ?" ನಮ್ಮ ಕಡೆ ಗದ್ದುಗೆ ಎಂದರೆ ಸ್ವಾಮಿಗಳ, ಅಂದರೆ ಜನ ‘ಅಜ್ಜಾರು’ ಎನ್ನುವವರ, ಸಮಾಧಿ. ಮದುವೆಯ ಮೊದಲ ಪತ್ರಿಕೆ ಇಡುವುದು ಅಲ್ಲಿ, ಹೊಸ ಬೈಕು ತಂದು ನಿಲ್ಲಿಸುವುದು ಅದರ ಮುಂದೆ. ದಿಲ್ಲಿಯಲ್ಲಿ ದೊಡ್ಡವರ ಸಮಾಧಿಗಳಿಗೇನು ಕಡಿಮೆ? ಹೂಂ ಎಂದುಬಿಟ್ಟೆ.

ಗುಂತಕಲ್ಲಿನಲ್ಲಿ ರೈಲು ಹತ್ತಿ, ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಪುಡಿ ಹಾಕಿಕೊಡುತ್ತಾ ಅತ್ತೆ ಕೇಳಿದರು.

"ಅಲ್ರೀ ಅಳಿಯಂದ್ರ, ದಿಲ್ಲಿ ಗದ್ದಿಗಿ ಯಾವ ಅಜ್ಜಾರ್ದು?"

"ಯಾವ ಗದ್ದಿಗಿ ಅತ್ತಿ?"

"ನೀವಾ ದಿನಾ ಓದ್ತೀರಲ್ಲ! ‘ದಿಲ್ಲಿ ಗದ್ದುಗೆ ಯಾರಿಗೆ?’, ‘ದಿಲ್ಲಿ ಗದ್ದುಗೆಗೆ ಭಾರೀ ಪೈಪೋಟಿ’. ಅಷ್ಟು ದೊಡ್ಡ ದೊಡ್ಡ ಮಂದಿ ಊಟ ನಿದ್ದಿ ಬಿಟ್ಟು ಬಡಿದಾಡ್ತಾರ ಅಂದ್ರ, ಎಂಥಾ ಜಾಗೃತ ಗದ್ದಿಗಿ ಇರಬೇಕದು!"

ಗಂಟಲಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಗಿರಿಜಾ ನೀರು ಕೊಟ್ಟಳು. ಕೊಡುವಾಗ ನಗುತ್ತಿದ್ದಳು. ನಾನು ಸಾವರಿಸಿಕೊಂಡು, ಪತ್ರಿಕೆಯವರು ಗದ್ದುಗೆ ಎನ್ನುವುದು ಸಿಂಹಾಸನಕ್ಕೆ, ಅಂದರೆ ಅಧಿಕಾರಕ್ಕೆ, ಅದು ಕಣ್ಣಿಗೆ ಕಾಣುವ ವಸ್ತುವಲ್ಲ ಎಂದು ವಿವರಿಸಿದೆ. ಅತ್ತೆ ಸಮಾಧಾನದಿಂದ ಕೇಳಿದರು. ಆಮೇಲೆ ಚೀಲದಿಂದ ಜುಟ್ಟು ಬಿಟ್ಟ ತೆಂಗಿನಕಾಯಿಯೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕಾಣ್ಲಾರದ್ದಕ್ಕ ಯಾರರ ಹರಕಿ ಹೊರ್ತಾರೇನ್ರಿ? ನಾನು ಹೊತ್ತೀನಿ, ಅದು ನಡಸಿಕೊಟ್ಟೈತಿ. ಈ ಕಾಯಿ ಅಲ್ಲಿ ಒಡೀಬೇಕು."

ಏನು ಹರಕೆ ಎಂದರೆ ತೀರುವವರೆಗೆ ಬಾಯಿ ಬಿಡುವಂತಿಲ್ಲವಂತೆ. "ನಿಮ್ಮ ಸಲುವಾಗೇ ಹೊತ್ತದ್ದು ಅಂತ ತಿಳ್ಕೊರ್ರಿ, ಸಾಕು," ಎಂದರು. ಅಲ್ಲಿಗೆ ನನಗೆ ಹಳೆಯದೊಂದು ನೆನಪಾಯಿತು. ಹಿಂದೊಮ್ಮೆ ಮೂತ್ರಪಿಂಡದ ಕಲ್ಲಿನಿಂದ ನಾನು ದಾವಣಗೆರೆಯ ಆಸ್ಪತ್ರೆಯಲ್ಲಿ ಹೊರಳಾಡಿದ್ದುಂಟು. ಕಲ್ಲು ತಾನಾಗಿಯೇ ಬಿದ್ದು ಹೋದಾಗ ಡಾಕ್ಟರರೂ ಆಶ್ಚರ್ಯಪಟ್ಟಿದ್ದರು. ನಾನು ಹರಕೆ ಗಿರಕೆ ನಂಬುವವನಲ್ಲ. ಆದರೆ ತೀರಿಸದ ಹರಕೆಯಿಂದ ಮತ್ತೆ ಕಲ್ಲಾದರೆ ಅದು ಆಗುವುದು ನನ್ನ ಹೊಟ್ಟೆಯಲ್ಲಿ ತಾನೇ? ನಂಬದವನಿಗೂ ನೋವು ಅಷ್ಟೇ ಇರುತ್ತದೆ. ಹೇಗಾದರೂ ಮಾಡಿ ದಿಲ್ಲಿಯಲ್ಲಿ ಒಂದು ಗದ್ದುಗೆ ಹುಡುಕಲೇಬೇಕು ಎಂದು ನಿರ್ಧರಿಸಿದೆ.

ಮೊದಲು ಯಮುನೆಯ ದಂಡೆಯಲ್ಲಿರುವ ಹಿರಿಯರೊಬ್ಬರ ಸಮಾಧಿಗೆ ಕರೆದೊಯ್ದೆ. ವಿಶಾಲ ಹುಲ್ಲುಹಾಸು, ಕರಿಕಲ್ಲು, ಹೂವು, ಉರಿಯುವ ದೀಪ, ಮಾತಾಡದೆ ಸುತ್ತುವ ಜನ. ಇದಕ್ಕಿಂತ ಒಳ್ಳೆಯ ಗದ್ದುಗೆ ಎಲ್ಲಿ ಸಿಕ್ಕೀತು? ಅತ್ತೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಭಕ್ತಿಯಿಂದ ಸುತ್ತು ಬಂದು ನಮಸ್ಕಾರ ಮಾಡಿದರು. ಚೀಲಕ್ಕೆ ಮಾತ್ರ ಕೈ ಹಾಕಲಿಲ್ಲ.

"ಇದಲ್ರಿ. ಇವರು ದೊಡ್ಡವರು, ಕೈ ಮುಗಿಯೋಣು. ಆದ್ರ ಇಲ್ಲಿ ಯಾರೂ ಬಡಿದಾಡವಲ್ರು. ಗದ್ದಿಗಿ ಅಂದ ಮ್ಯಾಲ ಗದ್ದಲ ಇರಬೇಕಲ್ಲ?"

ಈ ಮಾತಿಗೆ ದಿಲ್ಲಿಯಲ್ಲಿ ಯಾರೂ ಎದುರಾಡುವಂತಿರಲಿಲ್ಲ.

ಮಧ್ಯಾಹ್ನ ದೊಡ್ಡದೊಂದು ಮ್ಯೂಸಿಯಮ್ಮಿಗೆ ಹೋದೆವು. ಬಾಗಿಲಲ್ಲಿ ಚೀಲಗಳನ್ನು ಯಂತ್ರದೊಳಗೆ ಬಿಟ್ಟರು. ಪರದೆಯ ಮೇಲೆ ದುಂಡಗೆ, ಕರ್ರಗೆ, ಜುಟ್ಟು ಸಮೇತ ಏನೋ ಕಂಡದ್ದೇ ತಡ, ಸಿಪಾಯಿಗಳು ನಮ್ಮನ್ನು ಸುತ್ತುವರಿದರು. ಕೊಟ್ಟೂರು ಸಂತೆಯಲ್ಲಿ ಕಲಿತ ನನ್ನ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ನಾರಿಯಲ್ ಹೈ ಸಾಬ್, ಗದ್ದಿಗಿ ಕಾ ನಾರಿಯಲ್," ಎಂದೆ. ಗದ್ದಿ ಎಂದರೆ ಅವರಿಗೆ ಬೇರೆಯೇ ಅರ್ಥವಾಯಿತೇನೋ, ಒಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನೂ ಕುರ್ಚಿಗೆ ಬಂದವನೇನೋ ಎನ್ನುವಂತೆ, "ತುಮ್ ಭೀ?" ಎಂದ. ಹೋಗುವಾಗ ಒಯ್ಯಿರಿ ಎಂದು ಕಾಯಿಯನ್ನು ಹೊರಗೆ ಇಡಿಸಿಕೊಂಡು ನಮ್ಮನ್ನು ಒಳಗೆ ಬಿಟ್ಟರು. ಒಳಗೊಂದು ಗಾಜಿನ ಗೂಡಿನಲ್ಲಿ ಯಾರೋ ಅರಸನ ಸಿಂಹಾಸನವಿತ್ತು. ದೇವರೇ ತೋರಿಸಿಕೊಟ್ಟ ಎಂದುಕೊಂಡು, "ಅತ್ತಿ, ಇದಾ ನೋಡ್ರಿ ಗದ್ದುಗೆ!" ಎಂದೆ. ಅತ್ತೆ ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು.

"ಇದು ಕುರ್ಚಿ ಅಳಿಯಂದ್ರ. ಕುರ್ಚಿಗೆ ಯಾರು ಕಾಯಿ ಒಡೀತಾರ? ನಿಮ್ಮಂಥೋರು ಒಡೀಬೇಕು."

ಆ ಕೊನೆಯ ಮಾತು ನನಗೆ ಸ್ವಲ್ಪ ಚುಚ್ಚಿತು. ಏಕೆಂದರೆ ನಾನೂ ಒಮ್ಮೆ ಕುರ್ಚಿಗಾಗಿ ನಿಂತವನೇ. ನಮ್ಮೂರ ಪತ್ತಿನ ಸಹಕಾರ ಸಂಘದ ನಿರ್ದೇಶಕನಾಗಲು ಸ್ಪರ್ಧಿಸಿ ಮೂರು ಓಟಿನಿಂದ ಸೋತಿದ್ದೆ. ಕೈ ಕೊಟ್ಟ ಮೂವರು ಯಾರೆಂದು ಲೆಕ್ಕ ಹಾಕಿ, ಅನುಮಾನ ಬಂದ ಮೂವರ ಜೊತೆ ಅಂದಿನಿಂದ ಮಾತು ಬಿಟ್ಟಿದ್ದೇನೆ. ಅವರಲ್ಲೊಬ್ಬ ಕ್ಷೌರದವನಾದ್ದರಿಂದ ಹಜಾಮತಿಗೆ ಹಗರಿಬೊಮ್ಮನಹಳ್ಳಿಗೆ ಹೋಗಬೇಕಾಗಿದೆ. ಈ ಸಲ ಮತ್ತೆ ನಿಲ್ಲುವ ಮನಸ್ಸಿದೆ. ಅದಕ್ಕೆಂದೇ ಮರುದಿನ ಬಿಳಿ ಪೈಜಾಮ, ಜಾಕೀಟು ತೊಟ್ಟು, ಸರ್ಕಾರಿ ಭವನಗಳು ಹಿಂದೆ ಕಾಣುವಂತೆ ಕೈ ಮುಗಿದು ನಿಂತು ಗಿರಿಜಾಳಿಂದ ಫೋಟೊ ತೆಗೆಸಿಕೊಂಡೆ. ಅವಳು ನನ್ನ ತಲೆಯನ್ನು ಬಿಟ್ಟು ಭವನವನ್ನು ಚೆನ್ನಾಗಿ ತೆಗೆದಿದ್ದಳು.

ಅಂದು ಸಂಜೆಯೇ ನಮ್ಮ ಕೊನೆಯ ತಾಣ. ಹಳೆಯ ಗುಮ್ಮಟಗಳಿರುವ ಉದ್ಯಾನ. ಮರದ ತುಂಬ ಗಿಳಿಗಳು, ಮರದ ಬುಡದಲ್ಲೆಲ್ಲ ಜೋಡಿಗಳು. ಮರುದಿನ ಬೆಳಿಗ್ಗೆ ರೈಲು. ಕಾಯಿ ಚೀಲದಲ್ಲಿ ಹಾಗೇ ಇತ್ತು. ಅತ್ತೆಯ ಮುಖ ಬಾಡಿತ್ತು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಅಷ್ಟು ದೂರದಿಂದ ನನಗಾಗಿ ಕಾಯಿ ಹೊತ್ತು ತಂದ ಜೀವವನ್ನು ಹರಕೆ ತೀರಿಸದೆ ಹೊರಡಿಸುವುದು ಹೇಗೆ? ಮಾತು ಮರೆಸಲೆಂದು ಗುಮ್ಮಟವೊಂದರ ಮುಂದಿನ ಫಲಕವನ್ನು ಎಂದಿನ ಧಾಟಿಯಲ್ಲಿ ಓದತೊಡಗಿದೆ. ದಿಲ್ಲಿಯನ್ನಾಳಿದ ಸುಲ್ತಾನನೊಬ್ಬನ ಗೋರಿ ಅದು. ಅತ್ತೆ ತಟ್ಟನೆ ನಿಂತರು.

"ಅಂದ್ರ ಈತ ದಿಲ್ಲಿ ಗದ್ದಿಗಿ ಮ್ಯಾಲ ಕುಂತಾತ?"

"ಹೌದ್ರಿ."

"ಈಗ ಇಲ್ಲೇ ಮಲಗ್ಯಾನ?"

"ಇಲ್ಲೇ ಮಲಗ್ಯಾನ್ರಿ."

"ಮತ್ತ ಇದಾ ಅಲ್ಲೇನ್ರಿ ದಿಲ್ಲಿ ಗದ್ದಿಗಿ?"

ಪತ್ರಿಕೆಯ ಗದ್ದುಗೆಯೂ ಇಟ್ಟಿಗಿಯ ಗದ್ದುಗೆಯೂ ಅಲ್ಲಿ ಒಂದೇ ಕಲ್ಲಾಗಿದ್ದವು. ಅತ್ತೆ ಒಳಗೆ ಹೋಗಿ, ಗೋರಿ ನೋಡಿಕೊಳ್ಳುವ ಮುಜಾವರ ಯಾರೂ ಇಲ್ಲವೆಂದು ಬೇಜಾರು ಮಾಡಿಕೊಂಡು, ತಾವೇ ಕಲ್ಲಿಗೆ ಹಣೆ ಮುಟ್ಟಿಸಿದರು. ಆಮೇಲೆ ಹೊರಗೆ ಬಂದು ಹುಲ್ಲಿನ ಅಂಚಿನ ಕಲ್ಲಿಗೆ ಕಾಯಿಯನ್ನು ಫಟ್ ಎಂದು ಒಡೆದರು. ಜೋಡಿಗಳು ಬೇರೆ ಬೇರೆಯಾದವು. ಕಾವಲುಗಾರ ಸೀಟಿ ಊದುತ್ತಾ ಓಡಿಬಂದ. "ತಗಾ ತಮ್ಮಾ, ಪರಸಾದ," ಎಂದು ಅತ್ತೆ ಅವನ ಕೈಗೊಂದು ಹೋಳು ಇಟ್ಟರು. ಅವನು ಅತ್ತಿತ್ತ ನೋಡಿ, ಹೋಳನ್ನು ಕಣ್ಣಿಗೊತ್ತಿಕೊಂಡು, ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದ.

ನನ್ನ ಕಣ್ಣಲ್ಲೂ ನೀರಾಡಿತು. "ಈಗಾದ್ರೂ ಹೇಳ್ರಿ ಅತ್ತಿ. ನನ್ನ ಕಲ್ಲಿನ ಸಲುವಾಗಿ ಹೊತ್ತಿದ್ರಿಲ್ಲ?"

"ಯಾವ ಕಲ್ಲು? ಸಂಘದ ಎಲೆಕ್ಷನ್ ಸಲುವಾಗಿ."

"ನಾನು ಗೆಲ್ಲಲಿ ಅಂತ?"

"ಸೋಲ್ಲಿ ಅಂತ. ಗೆದ್ದಿದ್ರ ನೀವು ಮನ್ಯಾಗ ಇರ್ತಿದ್ರೇನು? ಮೀಟಿಂಗು, ಹಾರ, ಭಾಷಣ! ಮೊದ್ಲಾ ನಿಮಗ ಮಾತು ಜಾಸ್ತಿ. ಕುರ್ಚಿ ವಿಷಯ ಅಂದ್ರ ನಮ್ಮೂರ ಅಜ್ಜಾರಿಗಿಂತ ದಿಲ್ಲಿ ಗದ್ದಿಗಿದಾ ನಡೀತೈತಿ ಅಂತ ಇದಕ್ಕ ಬೇಡ್ಕೊಂಡೆ. ಬರೇ ಹರಕಿ ಸಾಲದು ಅಂತ ಓಟೂ ಆ ಕಡಿಗಾ ಹಾಕಿದ್ವಿ."

"ಹಾಕಿದ್ವಿ ಅಂದ್ರ?"

ಗಿರಿಜಾ ಬಹಳ ಶ್ರದ್ಧೆಯಿಂದ ಗಿಳಿಗಳನ್ನು ನೋಡುತ್ತಿದ್ದಳು. ಇವರಿಬ್ಬರನ್ನೂ ಓಟಿಗೆಂದು ಸಂಘದ ಸದಸ್ಯರನ್ನಾಗಿ ಮಾಡಿಸಿದವನು ನಾನೇ. ಊರಲ್ಲಿ ನಾನು ಅನ್ಯಾಯವಾಗಿ ಮಾತು ಬಿಟ್ಟದ್ದು ಮೂವರ ಜೊತೆ. ಅವರಲ್ಲಿ ಇಬ್ಬರಂತೂ ಅಂದಿನ ಸಂಜೆಯೇ ನಿರ್ದೋಷಿಗಳಾದರು. ಅತ್ತೆ ಕೊಟ್ಟ ಕೊಬ್ಬರಿ ಚೂರನ್ನು ಅಗಿದೆ. ಕಹಿಯಾಗಿರುತ್ತದೆ ಎಂದುಕೊಂಡಿದ್ದೆ, ಸಿಹಿಯಾಗಿಯೇ ಇತ್ತು.

ಹೊರಡುವಾಗ ಅತ್ತೆ ಹಿಂತಿರುಗಿ ಗುಮ್ಮಟಕ್ಕೆ ಕೈ ಮುಗಿದು ತುಟಿಯಲ್ಲೇ ಏನೋ ಹೇಳಿಕೊಂಡರು. ಮತ್ತೇನು ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು: "ಮುಂದಿನ ಎಲೆಕ್ಷನ್ ಮುಗಿದ್ ಮ್ಯಾಲ ಮತ್ತ ಬರಬೇಕಾಗ್ತೈತ್ರಿ. ರೈಲಿನ ಟಿಕೀಟು ಮೊದ್ಲಾ ಮಾಡಿಸಿಬಿಡ್ರಿ, ಆಮ್ಯಾಲೆ ಸಿಗಂಗಿಲ್ಲ." ನಾನಿನ್ನೂ ನಾಮಪತ್ರ ಸಲ್ಲಿಸಿಲ್ಲ. ಟಿಕೀಟು ಮಾತ್ರ ಮಾಡಿಸಿದ್ದೇನೆ, ಮೂವರಿಗೂ.