ಮಾವನ ವಿಮಾನಗಳು ಇಳಿಯುವುದಿಲ್ಲ

ನಮ್ಮ ಸೋದರಮಾವ ಇದುವರೆಗೆ ಮೂವತ್ತೇಳು ವಿಮಾನಗಳನ್ನು ಕೆಡವಿದ್ದಾರೆ. ಇಷ್ಟಾದರೂ ಯಾವ ದೇಶವೂ ಅವರ ಮೇಲೆ ಯುದ್ಧ ಸಾರಿಲ್ಲ, ಯಾಕೆಂದರೆ ಮೂವತ್ತೇಳೂ ಅವರವೇ! ಲೆಕ್ಕ ಇಟ್ಟವರು ನಮ್ಮ ಅತ್ತೆ. ಮಾವನನ್ನು ಕೇಳಿದರೆ ಇಪ್ಪತ್ತಿರಬಹುದು ಅನ್ನುತ್ತಾರೆ. ಉಳಿದ ಹದಿನೇಳು ಅವರ ಪ್ರಕಾರ ಬಿದ್ದದ್ದಲ್ಲ, ಸ್ವಲ್ಪ ಜೋರಾಗಿ ಕುಂತದ್ದು.

ಮಾವನದು ಕಂಪ್ಲಿಯಲ್ಲಿ ರೈಸ್ ಮಿಲ್ಲು. ಮಿಲ್ಲಿನ ಮುಂದೆ ಭತ್ತ ಒಣಗಿಸಲು ಸಿಮೆಂಟು ಹಾಕಿದ ಉದ್ದನೆಯ ಕಣವಿದೆ. ಊರಿನವರಿಗೆ ಅದು ಕಣ, ಮಾವನಿಗೆ ರನ್‌ವೇ. ಕೈಯಿಂದ ಪುಟ್ಟ ಪುಟ್ಟ ಮಾದರಿ ವಿಮಾನ ಮಾಡುತ್ತಾರೆ, ಹಾರಿಸುತ್ತಾರೆ, ಆಮೇಲೆ ಒಂದು ಚೀಲ ಹಿಡಿದು ಚೂರು ಆಯಲು ಹೋಗುತ್ತಾರೆ. ಅವರ ಆಸೆ ಒಂದೇ.

"ಹಾರಸೂದು ಯಾರಿಗರ ಬರ್ತೈತಿ. ಕಲ್ಲು ಒಗದ್ರ ಕಲ್ಲೂ ಹಾರ್ತೈತಿ. ತನ್ನ ಗಾಲಿ ಮ್ಯಾಲ ತಾನ ಬಂದು ಕುಂದರಬೇಕು ನೋಡು, ಅದು ವಿಮಾನ."

ಹಾಗೆ ನೋಡಿದರೆ ನಲವತ್ತು ವರ್ಷದಲ್ಲಿ ಅವರು ಒಂದು ವಿಮಾನವನ್ನೂ ಮಾಡಿಲ್ಲ. ಆದರೆ ಇದನ್ನು ಅವರೆದುರು ಹೇಳುವ ಧೈರ್ಯ ಅತ್ತೆಗೆ ಬಿಟ್ಟರೆ ಯಾರಿಗಿದೆ?

ಈ ಹುಚ್ಚು ಹತ್ತಿದಾಗ ಮಾವನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲವಂತೆ. ಆಗ ಏನು ಸಿಗುತ್ತಿತ್ತು ಹೇಳಿ? ಜೋಳದ ದಂಟಿನ ಬೆಂಡು ಮೈಯಾಯಿತು, ಬಿದಿರಿನ ಕಡ್ಡಿ ರೆಕ್ಕೆಯ ಎಲುಬಾಯಿತು, ಮೇಲೆ ಗಾಳಿಪಟದ ಹಾಳೆ, ಅಂಟಿಗೆ ಅನ್ನದ ಗಂಜಿ. ಸೈಕಲ್ ಟ್ಯೂಬನ್ನು ಸಣ್ಣಗೆ ಕತ್ತರಿಸಿ ತಿರುಚಿದರೆ ಅದೇ ಇಂಜಿನ್. ಗಂಜಿ ಒಣಗಲೆಂದು ಅಂಗಳದಲ್ಲಿಟ್ಟ ಮೊದಲ ವಿಮಾನವನ್ನು ಪಕ್ಕದ ಮನೆಯ ಆಡು ತಿಂದುಹಾಕಿತು. ಇದು ಮೂವತ್ತೇಳರಲ್ಲಿ ಸೇರಿಲ್ಲ. ಮದುವೆಗೆ ಮುಂಚಿನ ಸಂಗತಿಗಳಿಗೆ ಅತ್ತೆ ಜವಾಬ್ದಾರರಲ್ಲ.

ಮದುವೆಯಾದ ಹೊಸತರಲ್ಲಿ ಮಾವ ಬಾಲ್ಸಾ ಎಂಬ ಕಟ್ಟಿಗೆಯ ಬಗ್ಗೆ ಎಲ್ಲೋ ಓದಿದರು. ಹತ್ತಿಯಷ್ಟು ಹಗುರ, ವಿಮಾನಕ್ಕೆಂದೇ ಹುಟ್ಟಿದ ಮರ. ಯಾರಿಗೋ ಕಾಗದ ಬರೆದು, ಆರು ತಿಂಗಳು ಕಾದು, ಪೋಸ್ಟಿನಲ್ಲಿ ಒಂದು ಕಟ್ಟು ತರಿಸಿದರು. ಒಳ್ಳೆಯ ದಿನ ನೋಡಿ ಶುರು ಮಾಡೋಣವೆಂದು ಅಡುಗೆಮನೆಯ ಅಟ್ಟದ ಮೇಲೆ, ಸೌದೆಯ ಪಕ್ಕ, ಹುಷಾರಾಗಿ ಇಟ್ಟರು. ಆ ಜಾಗ ಯಾಕೆ ಅಂದರೆ ಅಲ್ಲಿ ತೇವ ಆಡುವುದಿಲ್ಲವಂತೆ! ಮರುದಿನ ಮಿಲ್ಲಿನಿಂದ ಬಂದಾಗ ಅತ್ತೆ ಚಹಾ ಕೈಗಿಟ್ಟು ಹೇಳಿದರು:

"ಆ ಬಿಳಿ ಕಟಿಗಿ ಭಾಳ ಛಲೋ ಉರೀತಾವ್ರಿ. ಒಂದ ಕಡ್ಡಿಗೆ ಒಲಿ ಹತ್ತಿತು. ಇನ್ನೊಂದೀಟು ತರ್ರಿ."

ಮಾವ ಚಹಾ ಕುಡಿದರು. ಪ್ರಪಂಚದಲ್ಲೇ ಅಷ್ಟು ದುಬಾರಿ ಚಹಾ ಕುಡಿದವನು ನಾನೊಬ್ಬನೇ ಎಂದು ಈಗಲೂ ಹೇಳುತ್ತಾರೆ.

ಮುಂದೆ ರೇಡಿಯೋದಿಂದ ನಡೆಸುವ ವಿಮಾನ ಬಂತು. ಅದು ಮೇಲೆದ್ದ ಕೂಡಲೇ ಮೂಗು ಆಕಾಶಕ್ಕೆತ್ತಿ, ಒಂದು ಗಳಿಗೆ ನಿಂತು, ಬಾಲ ಕೆಳಗಾಗಿ ಬೀಳುತ್ತಿತ್ತು. ಒಂದು ವಾರ ಇದೇ ಆಟ. ಮಾವ ಹಗಲೆಲ್ಲ ಗಣಿತ ಮಾಡಿದರು, ಅತ್ತೆ ಯಾವ ಗಣಿತವನ್ನೂ ಮಾಡಲಿಲ್ಲ. ಮಿಲ್ಲಿಗೆ ಬರುವ ಹೋಗುವವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರೆ ದೃಷ್ಟಿಯಾಗದೆ ಇನ್ನೇನಾಗುತ್ತದೆ ಎಂದು, ಹೊಸ ಲಾರಿಗೆ ಕಟ್ಟುವಂತೆ ವಿಮಾನದ ಮೂಗಿನ ಕೆಳಗೆ ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಕಟ್ಟಿದರು. ಆವತ್ತು ವಿಮಾನ ಎಳೆದ ಗೆರೆಯಂತೆ ನೆಟ್ಟಗೆ ಹಾರಿತು! ಇಳಿಯುವಾಗ ಮಾತ್ರ ಭತ್ತ ನೆನೆಸುವ ತೊಟ್ಟಿಗೆ ಇಳಿಯಿತು.

"ಮೂಗಿನ ಕಡೆ ತೂಕ ಸಾಲತಿರಲಿಲ್ಲ ಅಷ್ಟ. ದೃಷ್ಟಿ ಗಿಷ್ಟಿ ಏನಿಲ್ಲ," ಎಂದರು ಮಾವ, ಅಂಗಿ ಹಿಂಡಿಕೊಳ್ಳುತ್ತ.

ನಾನು ಅವರ ನೋಟ್‌ಬುಕ್ಕನ್ನು ಕದ್ದು ನೋಡಿದ್ದೇನೆ. ಅಂದಿನ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಿದೆ: ನಿಂಬೆಹಣ್ಣು, ಮಧ್ಯಮ ಗಾತ್ರ, ಒಂದು.

ಇನ್ನು ಸಂಡೂರಿನ ಕಥೆ. ಅಲ್ಲಿಯ ಗುಡ್ಡದ ಮೇಲೆ ಗಾಳಿ ಮಸ್ತಾಗಿದೆ ಎಂದು ಯಾರೋ ಹೇಳಿದರು, ಮಾವ ನನ್ನನ್ನೂ ಕರೆದುಕೊಂಡು ಹೋದರು. ಗಾಳಿ ನಿಜಕ್ಕೂ ಮಸ್ತಾಗಿತ್ತು. ವಿಮಾನ ಕಣಿವೆಯ ಆಚೆ ಹೋಗಿ ಮಾಯವಾಯಿತು. ನಾಲ್ಕು ದಿನದ ನಂತರ ಮರಿಯಮ್ಮನಹಳ್ಳಿಯಲ್ಲಿ ಒಂದು ಅದಿರಿನ ಲಾರಿಯ ತಲೆಯ ಮೇಲೆ ಅದನ್ನು ಕಂಡೆವು. ಮೈಯೆಲ್ಲ ಕೆಂಪು ಧೂಳು, ಕೊರಳಲ್ಲಿ ಚೆಂಡುಹೂವಿನ ಹಾರ. ಓಡುತ್ತಿದ್ದ ಲಾರಿಯ ಮೇಲೆ ಬಂದು ಬಿದ್ದದ್ದನ್ನು ಡ್ರೈವರು ಶುಭವೆಂದು ತಂತಿ ಬಿಗಿದು ಕಟ್ಟಿದ್ದ.

"ಕೇಳಬ್ಯಾಡ್ರಿ ಸಾಹುಕಾರ್ರ, ಇದು ಬಂದಾಗಿಂದ ಒಂದು ಪಂಚರ್ ಆಗಿಲ್ಲ," ಎಂದು ಆತ ಕೈ ಮುಗಿದ.

ಮಾವನಿಗೆ ವಿಮಾನದ ಚಿಂತೆಯೇ ಇರಲಿಲ್ಲ. "ಅದು ಬಿಡಪ್ಪ. ಬಂದಾಗ ಹೆಂಗ ಕುಂತಿತು? ಗಾಲಿ ಮ್ಯಾಲೇನ?"

"ಇಲ್ರಿ, ತಲಿ ಕೆಳಗ ಮಾಡಿ."

ಮಾವ ನಿಟ್ಟುಸಿರು ಬಿಟ್ಟು, ಹಾಗಾದರೆ ನೀನೇ ಇಟ್ಟುಕೋ ಎಂದು ಹಿಂದಿರುಗಿದರು.

ಹಂಪಿಗೆ ಮಾತ್ರ ಅವರು ವಿಮಾನ ಒಯ್ಯುವುದಿಲ್ಲ. ಕೋತಿಗಳು ಕಿತ್ತುಕೊಂಡಾವೆಂಬ ಭಯವಲ್ಲ, ಕಿತ್ತುಕೊಂಡು ತಮಗಿಂತ ಚೆನ್ನಾಗಿ ಇಳಿಸಿಬಿಟ್ಟಾವೆಂಬ ಭಯ ಅನ್ನುತ್ತಾರೆ ಅತ್ತೆ.

ಈಗ ಎಲ್ಲ ಸುಲಭವಾಗಿದೆ. ಥರ್ಮೋಕೋಲಿನಂಥ ರೆಕ್ಕೆ, ಬ್ಯಾಟರಿ, ಮೋಟರು ಎಲ್ಲ ಒಂದೇ ಡಬ್ಬಿಯಲ್ಲಿ ಕೊರಿಯರಿನವನು ಮನೆಗೇ ತಂದುಕೊಡುತ್ತಾನೆ. ವಿಮಾನ ಗಾಳಿಗೆ ವಾಲಿದರೆ ತಾನೇ ನೆಟ್ಟಗೆ ಮಾಡುವ ಒಂದು ಪುಟ್ಟ ಯಂತ್ರವೂ ಒಳಗಿರುತ್ತದೆ. ಮದುವೆ ಮನೆಗಳಲ್ಲಿ ಹುಡುಗರು ಡ್ರೋನು ಹಾರಿಸುತ್ತಾರೆ. ಅದನ್ನು ಕಂಡರೆ ಮಾವನಿಗೆ ಆಗದು. "ಅದು ವಿಮಾನ ಅಲ್ಲ, ಫ್ಯಾನು," ಎನ್ನುತ್ತಾರೆ. ಆದರೆ ಅದು ಮೆಲ್ಲಗೆ ಇಳಿಯುವಾಗ ಊಟ ಬಿಟ್ಟು ನೋಡುತ್ತಾರೆ, ಅದೂ ನನಗೆ ಗೊತ್ತು.

ಕಳೆದ ಚಳಿಗಾಲದಲ್ಲಿ ನಾನು ಹೊಸಪೇಟೆಯಿಂದ ಅವರ ಮನೆಗೆ ಹೋಗಿದ್ದಾಗ ಮಾವ ಹೊಸ ವಿಮಾನದ ರೆಕ್ಕೆಗೆ ಕಣ್ಣು ಕುಕ್ಕುವ ಹಳದಿ ಬಳಿಯುತ್ತಿದ್ದರು. ಆಚೆಗೂ ಈಚೆಗೂ ಬಣ್ಣ ಸುರಿದಿತ್ತು.

"ಏನ್ ಮಾವ ಇದು, ಮದುವಿ ಪೆಂಡಾಲ್ ಇದ್ದಂಗೈತಿ," ಎಂದು ರೇಗಿಸಿದೆ. ಅವರು ನಕ್ಕರು. ಅಡುಗೆಮನೆಯಲ್ಲಿ ಅತ್ತೆ ನನ್ನ ಕೈ ಹಿಡಿದು ದನಿ ತಗ್ಗಿಸಿದರು.

"ಬ್ಯಾರೆ ಬಣ್ಣ ಅವರಿಗೆ ಕಾಣಂಗಿಲ್ಲವ್ವ. ಕಣ್ಣಿನ ನರ ಒಣಗ್ಯಾವಂತ. ಹೋದದ್ದು ತಿರುಗಿ ಬರಂಗಿಲ್ಲ ಅಂದಾರ ಡಾಕ್ಟ್ರು. ಇದ್ದದ್ದೂ ಹೋಗೂದ್ರಾಗ ಒಂದ್ಸಲ ಇಳಸಬೇಕಂತ ಗುದ್ದಾಡಾಕತ್ಯಾರ."

ಇಷ್ಟು ದಿನ ಅವರನ್ನು ಆಡಿಕೊಂಡು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ, ಭತ್ತ ಹರವುವ ಮೊದಲೇ ಮೂವರೂ ಕಣಕ್ಕೆ ಹೋದೆವು. ವಿಮಾನ ಎದ್ದಿತು. ತಲೆಯ ಮೇಲಿದ್ದಷ್ಟು ಹೊತ್ತು ಮಾವ ಅದರ ಕಡೆಯೇ ಮುಖ ಮಾಡಿದ್ದರು. ಸ್ವಲ್ಪ ದೂರ ಹೋದದ್ದೇ ಅವರ ಮುಖ ಅತ್ತ ಇತ್ತ ಹುಡುಕತೊಡಗಿತು. ಆಗ ಅತ್ತೆ ಹೋಗಿ ಅವರ ಭುಜಕ್ಕೆ ಭುಜ ತಾಗಿಸಿ ನಿಂತರು. ಮದುವೆಯಾದಾಗಿನಿಂದ ಬೈದುಕೊಂಡೇ ಬಂದವರು!

"ಮಿಲ್ಲಿನ ಚಿಮಣಿ ಕಡೆ ಹೊಂಟೈತ್ರಿ. ಕಾಲುವಿ ಕಡೆ ತಿರುಗಸ್ರಿ. ಇನ್ನೊಂದೀಟು. ಸಾಕು. ಈಗ ನಮ್ಮ ಕಡೆ ಬರಾಕತ್ತೈತಿ. ಇಳಸ್ರಿ... ಅಷ್ಟು ಜಲ್ದಿ ಬ್ಯಾಡ. ರೊಟ್ಟಿ ಹಂಚಿಗೆ ಹಾಕಿದಂಗ, ಮೆತ್ತಗ."

ಮೋಟರಿನ ಸದ್ದು ನಿಂತಿತು. ಅತ್ತೆಯ ಮಾತೂ ನಿಂತಿತು.

"ಬಿತ್ತೇನು?" ಎಂದರು ಮಾವ.

"ಬಿದ್ದಿಲ್ರಿ. ಕುಂತೈತಿ."

"ಸುಳ್ಳು ಹೇಳಬ್ಯಾಡ."

"ನಿಮ್ಮಾಣಿ. ಮೊದ್ಲು ಹಿಂದಿನ ಎರಡು ಗಾಲಿ ತಾಗಿದ್ವು. ಸಣ್ಣಗ ಒಮ್ಮಿ ಪುಟೀತು. ಆಮ್ಯಾಲ ಮುಂದಿನದು ತಾಗಿತು. ಹಂಗ ಓಡಿಕೋಂತ ಬಂದು ತೊಟ್ಟಿ ಹತ್ರ ನಿಂತೈತಿ. ಒಂದು ಗೀರು ಸುದ್ದಾ ಬಿದ್ದಿಲ್ಲ."

ತೊಟ್ಟಿಯ ಹತ್ತಿರ ಹಳದಿ ವಿಮಾನ ಮೂರೂ ಗಾಲಿಯ ಮೇಲೆ ನಿಂತಿದ್ದನ್ನು ನಾನೂ ನೋಡಿದೆ. ಮಾವ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು, ಮುಖ ವಿಮಾನವಿಲ್ಲದ ಕಡೆಗಿತ್ತು.

"ಇನ್ನೊಮ್ಮಿ ಹೇಳು," ಎಂದರು.

ಅತ್ತೆ ಸೆರಗಿನಿಂದ ಅವರ ಕಣ್ಣೊರೆಸಿ, ಮತ್ತೆ ಮೊದಲಿನಿಂದ ಹೇಳತೊಡಗಿದರು.